ಯಾವ ತಲೆಬರಹದ ಕೆಳಗೆ ಕೊಳ್ಳೇಗಾಲ?

ಆಫೀಸಿಗೆ ಹೊಸಬರು ಬಂದಾಗ ‘ನಿಮ್ಮೂರು ಯಾವುದು?’ ಅಂತ ಕೇಳೋದು ವಾಡಿಕೆ. ಧಾರವಾಡ ಅಂದರೆ ‘ಪೇಡ ತಂದಿಲ್ವಾ?’ ಅಂತಾರೆ. ಮಂಗಳೂರು ಅಂದರೆ ಮೀನಿನ ಮಾತು ಬರುತ್ತೆ. ಕೊಳ್ಳೇಗಾಲ ಅಂದು ನೋಡಿ. ಒಂದು ಕ್ಷಣ ಮೌನ, ಆಮೇಲೆ ಒಂದು ನಗು, ಆಮೇಲೆ ‘ಇವರ ಹತ್ರ ಹುಷಾರಾಗಿರ್ರಪ್ಪಾ, ನಿಂಬೆಹಣ್ಣು ಮಂತ್ರಿಸಿಬಿಡ್ತಾರೆ’. ಆ ಕಡೆಯಿಂದ ಬಂದ ನಮಗೆಲ್ಲ ಈ ಜೋಕು ಕೇಳಿ ಕೇಳಿ ಸಾಕಾಗಿದೆ. ನಕ್ಕು ಸುಮ್ಮನಾಗ್ತೀವಿ.

ಸುಮ್ಮನಾಗದೇ ಇರೋದು ಇಂಟರ್ನೆಟ್. ಕೊಳ್ಳೇಗಾಲದ ಹೆಸರು ಹಾಕಿ ಹುಡುಕಿದರೆ ವಶೀಕರಣ, ಮಾಂತ್ರಿಕ, ‘ಒಂದೇ ಕರೆಯಲ್ಲಿ ಪರಿಹಾರ’ ಅನ್ನೋ ಜಾಹೀರಾತುಗಳು ಸಾಲುಗಟ್ಟಿ ನಿಂತಿರುತ್ತವೆ. ಎಷ್ಟೋ ಸಲ ಕೆಳಗಿನ ವಿಳಾಸ ನೋಡಿದರೆ ಬೆಂಗಳೂರಿನ ಯಾವುದೋ ಬಡಾವಣೆ. ಊರಿಗೂ ಅವರಿಗೂ ಸಂಬಂಧ ಇದೆಯೋ ಇಲ್ಲವೋ, ಊರಿನ ಹೆಸರು ಮಾತ್ರ ಬೋರ್ಡಿಗೆ ಬೇಕು. ಅದೇ ಊರಲ್ಲಿ ಮಗ್ಗದ ಮೇಲೆ ರೇಷ್ಮೆ ಸೀರೆ ನೇಯುವ ಮನೆಗಳಿವೆ, ರೇಷ್ಮೆಗೂಡಿನ ಮಾರುಕಟ್ಟೆ ಇದೆ. ಅವನ್ನು ಹುಡುಕಬೇಕಾದರೆ ಕೊಂಚ ಬೆವರು ಸುರಿಸಬೇಕು.

ಹಾಗಾದರೆ ಒಂದು ಊರನ್ನು ಯಾವ ತಲೆಬರಹದ ಕೆಳಗೆ ಹಾಕಬೇಕು ಅಂತ ತೀರ್ಮಾನ ಮಾಡೋರು ಯಾರು? ಈ ಪ್ರಶ್ನೆ ಗೂಗಲ್ ಹುಟ್ಟುವ ಮೊದಲೇ ಇತ್ತು. ಕಂಪ್ಯೂಟರ್ ಹುಟ್ಟುವ ಮೊದಲೂ ಇತ್ತು. ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ಊರುಗಳ ಇನ್ನೂರು ವರ್ಷದ ಕತೆಯೇ ಒಂದರ್ಥದಲ್ಲಿ ಇದು. ಆದರೆ ಮೊದಲು ಇಂಟರ್ನೆಟ್ಟಿನಿಂದಲೇ ಶುರು ಮಾಡೋಣ.

ಈಗ ಕಾಲೇಜು ಮುಗಿಸಿ ಬರೋರಿಗೆ ನಂಬೋದು ಕಷ್ಟ, ಒಂದು ಕಾಲದಲ್ಲಿ ಇಂಟರ್ನೆಟ್ಟಿಗೂ ಪುಸ್ತಕಕ್ಕಿದ್ದ ಹಾಗೆ ಪರಿವಿಡಿ ಇತ್ತು. 1994ರಲ್ಲಿ ಸ್ಟ್ಯಾನ್‌ಫರ್ಡ್‌ನ ಇಬ್ಬರು ವಿದ್ಯಾರ್ಥಿಗಳು, ಜೆರ್ರಿ ಯಾಂಗ್ ಮತ್ತು ಡೇವಿಡ್ ಫೈಲೊ, ತಮಗೆ ಇಷ್ಟವಾದ ವೆಬ್‌ಸೈಟುಗಳ ಪಟ್ಟಿ ಮಾಡಿಕೊಳ್ಳೋಕೆ ಶುರು ಮಾಡಿದರು. ಪಟ್ಟಿ ಉದ್ದವಾದಾಗ ವಿಂಗಡಿಸಿದರು, ವಿಂಗಡಣೆ ಉದ್ದವಾದಾಗ ಉಪವಿಂಗಡಣೆ ಮಾಡಿದರು. ಅದೇ ಯಾಹೂ. ಅಲ್ಲಿ ಸೈಟುಗಳನ್ನು ಒಂದೊಂದಾಗಿ ನೋಡಿ, ಇದು ಕಲೆಗೆ, ಇದು ವ್ಯಾಪಾರಕ್ಕೆ, ಇದು ಧರ್ಮಕ್ಕೆ ಅಂತ ಡಬ್ಬಿಗೆ ಹಾಕುತ್ತಿದ್ದವರು ಮನುಷ್ಯರು. ಆ ಡಬ್ಬಿಗಳ ವ್ಯವಸ್ಥೆಯನ್ನು ಕಟ್ಟಿ ನಿಲ್ಲಿಸಿದವರು ಭಾರತೀಯ ಮೂಲದ ಶ್ರೀನಿಜಾ ಶ್ರೀನಿವಾಸನ್, ಯಾಹೂ ಕಂಪನಿಯ ಐದನೇ ಉದ್ಯೋಗಿ. ಜಗತ್ತಿನಲ್ಲಿ ಇರುವುದನ್ನೆಲ್ಲ ಯಾವ ಕ್ರಮದಲ್ಲಿ ಜೋಡಿಸೋದು ಅನ್ನೋದೇ ಅವರ ಕೆಲಸವಾಗಿತ್ತು.

ಆ ಪಟ್ಟಿಗೆ ಸೇರೋದು ಸುಲಭವಾಗಿರಲಿಲ್ಲ. ಮೊದಲು ನಿಮ್ಮ ಸೈಟಿಗೆ ಸರಿಯಾದ ವಿಭಾಗ ಯಾವುದು ಅಂತ ನೀವೇ ಹುಡುಕಬೇಕು. ಆ ಪುಟದಲ್ಲಿ ‘ಸೈಟ್ ಸೂಚಿಸಿ’ ಅನ್ನೋ ಕೊಂಡಿ ಒತ್ತಿ ವಿಳಾಸ, ಶೀರ್ಷಿಕೆ, ಒಂದೆರಡು ಸಾಲಿನ ವಿವರ ಬರೆಯಬೇಕು. ಆಮೇಲೆ ಕಾಯಬೇಕು. ಮುಂದೆ ಯಾಹೂ ವಾಣಿಜ್ಯ ಸೈಟುಗಳಿಗೆ ಶುಲ್ಕ ಇಟ್ಟಿತು. 1999ರಲ್ಲಿ 199 ಡಾಲರ್, ನಂತರ ವರ್ಷಕ್ಕೆ 299 ಡಾಲರ್. ಆಗಿನ ಲೆಕ್ಕದಲ್ಲಿ ಹತ್ತಿರಹತ್ತಿರ 14 ಸಾವಿರ ರೂಪಾಯಿ. ಅದೂ ಸೈಟನ್ನು ಪರಿಶೀಲಿಸೋಕೆ ಮಾತ್ರ, ಸೇರಿಸಿಕೊಳ್ಳುವ ಭರವಸೆಗಲ್ಲ. ತಿರಸ್ಕರಿಸಿದರೆ ದುಡ್ಡು ವಾಪಸ್ ಇಲ್ಲ. ದೊಡ್ಡ ಬಜಾರದಲ್ಲಿ ಅಂಗಡಿ ಇಟ್ಟುಕೊಂಡು ಸೀರೆ ಮಾರೋನು ಈ ಲೆಕ್ಕ ಕೇಳಿದರೆ ಏನನ್ನುತ್ತಾನೆ ಅಂತ ನೀವೇ ಊಹಿಸಿ.

ಇದಕ್ಕೆ ಬದಲಾಗಿ ಬಂದದ್ದು ಓಪನ್ ಡೈರೆಕ್ಟರಿ, ಅಡ್ಡಹೆಸರು ಡಿಮಾಜ್. 1998ರ ಜೂನ್‌ನಲ್ಲಿ ರಿಚ್ ಸ್ಕ್ರೆಂಟಾ, ಬಾಬ್ ಟ್ರೂಯೆಲ್ ಮತ್ತು ಗೆಳೆಯರು ಶುರು ಮಾಡಿದ್ದು. ಅದೇ ವರ್ಷ ನೆಟ್‌ಸ್ಕೇಪ್ ಅದನ್ನು ಕೊಂಡುಕೊಂಡಿತು. ಇಲ್ಲಿ ಶುಲ್ಕ ಇಲ್ಲ. ಸಂಪಾದಕರೆಲ್ಲ ಸ್ವಯಂಸೇವಕರು, ಒಬ್ಬೊಬ್ಬರಿಗೆ ಒಂದೊಂದು ವಿಭಾಗ. ಅಯೋವಾದಲ್ಲಿ ಕೂತ ಒಬ್ಬ ಅಂಚೆಚೀಟಿ ಸಂಗ್ರಹದ ವಿಭಾಗ ನೋಡಿಕೊಂಡರೆ, ಇನ್ನೊಬ್ಬರು ತಮ್ಮ ಜಿಲ್ಲೆಯ ವಿಭಾಗ ನೋಡಿಕೊಳ್ಳಬಹುದು. ಗೂಗಲ್ ಕೂಡ 2000ದಿಂದ 2011ರವರೆಗೆ ತನ್ನದೇ ಹೆಸರಿನ ಡೈರೆಕ್ಟರಿಯನ್ನು ಇದೇ ಮಾಹಿತಿಯಿಂದ ನಡೆಸುತ್ತಿತ್ತು. ಡಿಮಾಜ್‌ನಲ್ಲಿ ಸೇರಿದರೆ ಗೂಗಲ್ ಕಣ್ಣಿಗೂ ಬೇಗ ಬೀಳ್ತೀವಿ ಅನ್ನೋ ನಂಬಿಕೆ ಆಗಿನ ವೆಬ್‌ಸೈಟ್ ಮಾಡೋರಿಗೆಲ್ಲ ಇತ್ತು.

ಕನ್ನಡದವರಿಗೆ ಈ ಪಟ್ಟಿಗಳು ಇನ್ನೂ ಒಂದು ಕಾರಣಕ್ಕೆ ಮುಖ್ಯ. ಯು. ಬಿ. ಪವನಜ ಅವರ ‘ವಿಶ್ವಕನ್ನಡ’ 1996ರಲ್ಲೇ ಅಂತರಜಾಲಕ್ಕೆ ಬಂದಿತ್ತು. ಆದರೆ ಆಗ ಯೂನಿಕೋಡ್ ಕನ್ನಡ ಬಳಕೆಯಲ್ಲಿರಲಿಲ್ಲ. ಒಂದೊಂದು ಸೈಟಿಗೆ ಒಂದೊಂದು ಫಾಂಟು. ಫಾಂಟು ಇಳಿಸಿಕೊಂಡವರಿಗೆ ಕನ್ನಡ ಕಾಣುತ್ತಿತ್ತು. ಹುಡುಕುವ ಯಂತ್ರಕ್ಕೆ ಮಾತ್ರ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ರಾಶಿ. ‘ಕೊಳ್ಳೇಗಾಲ’ ಅಂತ ಕನ್ನಡದಲ್ಲಿ ಹುಡುಕಿದರೆ ಯಂತ್ರಕ್ಕೆ ಏನೂ ತಿಳಿಯದು. ಅಂದರೆ, ಕನ್ನಡದ ಪುಟವನ್ನು ಓದಿ ‘ಇದು ಇಂಥದ್ದು’ ಅಂತ ಹೇಳಬಲ್ಲವರು ಆಗ ಮನುಷ್ಯರು ಮಾತ್ರ. 2001ರ ವಿಂಡೋಸ್ ಎಕ್ಸ್‌ಪಿ ಬಂದು, ನಿಧಾನಕ್ಕೆ ಯೂನಿಕೋಡ್ ಹಬ್ಬುವವರೆಗೂ ನಮಗೆ ಪಟ್ಟಿಯೇ ಗತಿ.

ಇಲ್ಲೊಂದು ತೊಡಕಿತ್ತು. ಡಿಮಾಜ್‌ನಲ್ಲಿ ಊರಿನ ಸೈಟು ಹೋಗಬೇಕಾದ್ದು ಪ್ರಾದೇಶಿಕ, ಅದರೊಳಗೆ ಏಷ್ಯಾ, ಅದರೊಳಗೆ ಭಾರತ, ಅದರೊಳಗೆ ಕರ್ನಾಟಕ, ಹೀಗೆ ಒಂದರೊಳಗೊಂದು ಡಬ್ಬಿ ತೆರೆಯುತ್ತಾ ಹೋಗಿ ಸಿಗುವ ಜಾಗಕ್ಕೆ. ಒಂದು ಡಬ್ಬಿ ಹುಟ್ಟಬೇಕಾದರೆ ಅದರಲ್ಲಿ ಹಾಕೋಕೆ ಸಾಕಷ್ಟು ಸೈಟುಗಳು ಬೇಕು, ನೋಡಿಕೊಳ್ಳೋಕೆ ಯಾರಾದರೂ ಬೇಕು. ಸಣ್ಣ ಊರಿಗೆ ಎರಡೂ ಕಷ್ಟ. ಜೊತೆಗೆ, ಎಲ್ಲ ಸ್ಥಳಗಳೂ ಈ ಏಣಿಯಲ್ಲಿ ಅಚ್ಚುಕಟ್ಟಾಗಿ ಕೂರುವುದಿಲ್ಲ. ಹನೂರಿನ ಪಕ್ಕ ಒಡೆಯರಪಾಳ್ಯ ಇದೆ. 1970ರ ದಶಕದಲ್ಲಿ ನೆಲೆಯಾದ ಟಿಬೆಟಿಯನ್ನರ ಊರು ಅಲ್ಲಿದೆ, ಅವರ ಬಾಯಲ್ಲಿ ಅದು ಧೊಂಡೆನ್‌ಲಿಂಗ್. ಅದನ್ನು ಕರ್ನಾಟಕದ ಕೆಳಗೆ ಹಾಕ್ತೀರೋ, ಟಿಬೆಟ್ಟಿನ ಕೆಳಗೋ? ಹನೂರು ಕಡೆಯ ಬಸ್ಸಿಗೆ ಹತ್ತೋನಿಗೆ ಅದು ಒಡೆಯರಪಾಳ್ಯ. ಧರ್ಮಶಾಲಾದಿಂದ ಕಾಗದ ಬರೆಯೋನಿಗೆ ಅದು ಧೊಂಡೆನ್‌ಲಿಂಗ್. ಇಬ್ಬರೂ ಸರಿ. ಪಟ್ಟಿಗೆ ಮಾತ್ರ ಒಂದೇ ಉತ್ತರ ಬೇಕು.

ಈ ‘ಒಂದೇ ಉತ್ತರ’ದ ಕಾಟ ಆ ಕಡೆಯವರಿಗೆ ಹೊಸದಲ್ಲ. ಅದಕ್ಕೆ 1799ಕ್ಕೆ ಹೋಗಬೇಕು.

ಆ ವರ್ಷ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಗೆದ್ದವರು ರಾಜ್ಯ ಹಂಚಿಕೊಂಡರು. ಮೈಸೂರಿನ ಒಂದು ಭಾಗ ಒಡೆಯರಿಗೆ ವಾಪಸ್ ಹೋಯಿತು. ಕೊಯಮತ್ತೂರು ಸೀಮೆ ಈಸ್ಟ್ ಇಂಡಿಯಾ ಕಂಪನಿಗೆ ಬಂತು, ಅದರ ಜೊತೆ ಕೊಳ್ಳೇಗಾಲವೂ. ಮರುವರ್ಷವೇ, 1800ರಲ್ಲಿ, ಕಂಪನಿ ಹೊಸದಾಗಿ ಕೈಗೆ ಬಂದ ನಾಡಿನ ಲೆಕ್ಕ ತೆಗೆಯೋಕೆ ಫ್ರಾನ್ಸಿಸ್ ಬುಕಾನನ್ ಅನ್ನೋ ವೈದ್ಯನನ್ನು ಕಳಿಸಿತು. ಆತ ಯಳಂದೂರು, ಕೊಳ್ಳೇಗಾಲದ ಕಡೆಯಿಂದಲೇ ಕಾವೇರಿಪುರದ ಘಟ್ಟದತ್ತ ಇಳಿದು ಹೋದ. ಮಣ್ಣು ಯಾವುದು, ಬೆಳೆ ಯಾವುದು, ಕೆರೆ ಎಷ್ಟು, ಯಾವ ಜಾತಿಯವರು ಏನು ಕೆಲಸ ಮಾಡುತ್ತಾರೆ, ಎಲ್ಲ ಬರೆದುಕೊಂಡ. 1807ರಲ್ಲಿ ಅದು ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಈ ಕಡೆಯ ಊರುಗಳನ್ನು ಹೊರಗಿನ ಓದುಗರಿಗೆ ವಿವರವಾಗಿ ಪರಿಚಯಿಸಿದ ಮೊದಮೊದಲ ಪುಸ್ತಕಗಳಲ್ಲಿ ಅದೂ ಒಂದು.

ಅದೇ 1807ರಲ್ಲಿ ಇನ್ನೊಂದು ಕೆಲಸ ಆಯಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಯಳಂದೂರನ್ನು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಡಲಾಯಿತು. ಸುಮಾರು 100 ಚದರ ಮೈಲಿಯ ಪುಟ್ಟ ಸೀಮೆ. ಅವರ ವಂಶದ ಪಿ. ಎನ್. ಕೃಷ್ಣಮೂರ್ತಿ 1901ರಿಂದ 1906ರವರೆಗೆ ಮೈಸೂರಿನ ದಿವಾನರೂ ಆಗಿದ್ದರು, ಯಳಂದೂರಿನ ಜಹಗೀರುದಾರರೂ ಆಗಿದ್ದರು.

ಈಗ ಚಿತ್ರ ನೋಡಿ. ಕೊಳ್ಳೇಗಾಲದಿಂದ ಯಳಂದೂರಿಗೆ ಬಸ್ಸಿನಲ್ಲಿ ಹೆಚ್ಚೆಂದರೆ ಅರ್ಧ ಗಂಟೆ. ಅದೇ ಮಾತು, ಅದೇ ರಾಗಿ, ಅದೇ ಮಾದಪ್ಪ. ಮಾದಪ್ಪನ ಪರಸೆಗೆ ಇಲ್ಲಿಂದಲೂ ಹೊರಡುತ್ತಾರೆ, ಅಲ್ಲಿಂದಲೂ ಹೊರಡುತ್ತಾರೆ. ಆದರೆ ದಾಖಲೆಯಲ್ಲಿ ಒಂದು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು, ಇನ್ನೊಂದು ಮೈಸೂರು ಸಂಸ್ಥಾನದ ಜಹಗೀರು. ಕೊಳ್ಳೇಗಾಲದವನಿಗೆ ಮೈಸೂರು 60 ಕಿಲೋಮೀಟರಿನ ಆಸುಪಾಸು. ಜಿಲ್ಲಾ ಕೇಂದ್ರ ಕೊಯಮತ್ತೂರಿಗೆ ಮಾತ್ರ ಕಾಡು ದಾಟಿ, ಘಟ್ಟ ಇಳಿದು ಹೋಗಬೇಕು. ಶಿವನಸಮುದ್ರದ ಹತ್ತಿರ ಕಾವೇರಿಯೇ ಗಡಿ. ಹೊಳೆಯ ಒಂದು ಮಗ್ಗುಲು ಮೈಸೂರು, ಇನ್ನೊಂದು ಮಗ್ಗುಲು ಮದ್ರಾಸು. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೀವಿ. ಆ ಜಲಪಾತದ ಅರ್ಧ ಬೇರೆ ಪ್ರಾಂತ್ಯದಲ್ಲಿತ್ತು ಅನ್ನೋದು ಆ ಪಾಠದಲ್ಲಿ ಇದ್ದ ನೆನಪು ನನಗಿಲ್ಲ. ಇವತ್ತಿಗೂ ಗಗನಚುಕ್ಕಿ ಮಂಡ್ಯ ಜಿಲ್ಲೆಗೆ, ಭರಚುಕ್ಕಿ ಚಾಮರಾಜನಗರ ಜಿಲ್ಲೆಗೆ.

ಇರಲಿ, ಯಾವ ಡಬ್ಬಿಯಾದರೇನು, ಲೆಕ್ಕದಲ್ಲಿ ಇದ್ದರಾಯಿತಲ್ಲ ಅನ್ನಬಹುದು. ವ್ಯತ್ಯಾಸ ಏನು ಅಂತ ಶಾಸನಗಳನ್ನು ನೋಡಿದರೆ ಗೊತ್ತಾಗುತ್ತೆ.

ಬಿ. ಎಲ್. ರೈಸ್ ಹೆಸರು ಕೇಳಿರುತ್ತೀರಿ. ಮೈಸೂರು ಸಂಸ್ಥಾನದ ಊರೂರು ಸುತ್ತಿಸಿ, ಬಂಡೆ, ಕಂಬ, ತಾಮ್ರದ ತಗಡು, ಎಲ್ಲದರ ಮೇಲಿನ ಬರಹವನ್ನು ನಕಲು ಮಾಡಿಸಿ, ‘ಎಪಿಗ್ರಾಫಿಯಾ ಕರ್ನಾಟಿಕಾ’ ಅನ್ನೋ ಸಂಪುಟಗಳನ್ನು ಹೊರತಂದವರು. ಅದು ಆ ಕಾಲದ ಡೇಟಾಬೇಸ್. ಜಿಲ್ಲೆ, ತಾಲ್ಲೂಕು, ಶಾಸನದ ಸಂಖ್ಯೆ, ಹೀಗೆ ವಿಂಗಡಣೆ. ಕನ್ನಡ ನಾಡಿನ ಇತಿಹಾಸ ಬರೆಯೋರು ಇವತ್ತಿಗೂ ಮೊದಲು ಕೈ ಹಾಕೋದು ಅಲ್ಲಿಗೇ. ಮೈಸೂರು ಜಿಲ್ಲೆಯ ಎರಡನೇ ಭಾಗ, ಅಂದರೆ ನಾಲ್ಕನೇ ಸಂಪುಟ, 1898ರಲ್ಲಿ ಬಂತು. ಅದರಲ್ಲಿ ಚಾಮರಾಜನಗರ ಇದೆ, ಗುಂಡ್ಲುಪೇಟೆ ಇದೆ, ಯಳಂದೂರು ಜಹಗೀರು ಇದೆ. ಕೊಳ್ಳೇಗಾಲ ಇಲ್ಲ.

ಇಲ್ಲದ್ದಕ್ಕೆ ಕಾರಣ ಶಾಸನ ಇಲ್ಲ ಅಂತಲ್ಲ. ತಲಕಾಡಿಗೆ ಇಷ್ಟು ಹತ್ತಿರದ, ಗಂಗರು, ಚೋಳರು, ಹೊಯ್ಸಳರು ಒಬ್ಬರಾದ ಮೇಲೊಬ್ಬರು ಆಳಿದ ನೆಲದಲ್ಲಿ ಕಲ್ಲಿಗೇನು ಬರ? ಕಾರಣ ಅದು ಸಂಸ್ಥಾನದ ಗಡಿಯ ಆಚೆ ಇತ್ತು ಅಷ್ಟೇ. ರೈಸ್ ಮೈಸೂರಿನ ನೌಕರ. ಅವರ ಪಟ್ಟಿ ಮೈಸೂರಿನ ಗಡಿಯಲ್ಲಿ ನಿಲ್ಲಬೇಕು, ನಿಂತಿತು.

ಮದ್ರಾಸಿನವರು ತಮ್ಮ ಪಟ್ಟಿ ಮಾಡಿದರು. ರಾಬರ್ಟ್ ಸೂವೆಲ್ 1880ರ ದಶಕದಲ್ಲಿ ಇಡೀ ಪ್ರಾಂತ್ಯದ ಪುರಾತನ ಅವಶೇಷಗಳ ಪಟ್ಟಿ ಮಾಡಿದ. 1919ರಲ್ಲಿ ವಿ. ರಂಗಾಚಾರ್ಯರು ಮದ್ರಾಸ್ ಪ್ರಾಂತ್ಯದ ಶಾಸನಗಳನ್ನು ಸ್ಥಳವಾರು ಜೋಡಿಸಿ ಮೂರು ಸಂಪುಟ ತಂದರು. ಕೊಯಮತ್ತೂರು ಜಿಲ್ಲೆಯ ಡಬ್ಬಿ ತೆರೆದರೆ ಒಳಗೆ ಕೊಳ್ಳೇಗಾಲ. ಪಟ್ಟಿಯಲ್ಲಿ ಹೆಸರಿತ್ತು. ಆದರೆ ಗಂಗರ ಬಗ್ಗೆ, ಹೊಯ್ಸಳರ ಬಗ್ಗೆ ಹುಡುಕೋನು ಮೈಸೂರಿನ ಕಪಾಟು ತೆಗೆಯುತ್ತಾನೆ, ಕೊಯಮತ್ತೂರಿನ ಕಪಾಟನ್ನಲ್ಲ. ಕೊಯಮತ್ತೂರಿನ ಕಪಾಟು ತೆಗೆಯೋನು ಹುಡುಕೋದು ಕೊಂಗುನಾಡನ್ನು, ಕನ್ನಡದ ಕಲ್ಲನ್ನಲ್ಲ. ಸರ್ಚ್ ರಿಸಲ್ಟಿನ ಏಳನೇ ಪುಟದಲ್ಲಿ ಇರೋದಕ್ಕೂ ಇಲ್ಲದೇ ಇರೋದಕ್ಕೂ ಎಷ್ಟು ವ್ಯತ್ಯಾಸ ಅಂತ ನಮಗೆ ಹೇಳಿಕೊಡಬೇಕಾಗಿಲ್ಲ.

ಆಗಿನ ಇನ್ನೊಂದು ದೊಡ್ಡ ಪಟ್ಟಿ ಇಂಪೀರಿಯಲ್ ಗೆಜೆಟಿಯರ್. ಅದರ ಇಪ್ಪತ್ತನೇ ಶತಮಾನದ ಶುರುವಿನ ಆವೃತ್ತಿ ಅಕಾರಾದಿಯಾಗಿ ಜೋಡಿಸಿದ್ದು. ಇಂಗ್ಲಿಷಿನ ಅಕ್ಷರಕ್ರಮದಲ್ಲಿ ಕೊಳ್ಳೇಗಾಲ 15ನೇ ಸಂಪುಟಕ್ಕೆ ಹೋಯಿತು, ಯಳಂದೂರು 24ನೇ ಸಂಪುಟಕ್ಕೆ. ಅಕ್ಕಪಕ್ಕದ ಊರುಗಳ ನಡುವೆ ಇಡೀ ಹಿಂದೂಸ್ಥಾನ ಬಂದು ಕೂತಿತು.

1956ರ ನವೆಂಬರ್ 1ರಂದು ಒಂದು ಕಾನೂನಿನ ಒಂದು ಸಾಲು ಇದನ್ನೆಲ್ಲ ಬದಲಿಸಿತು. ರಾಜ್ಯ ಪುನರ್ವಿಂಗಡಣಾ ಕಾಯ್ದೆಯಲ್ಲಿ ಹೊಸ ಮೈಸೂರು ರಾಜ್ಯಕ್ಕೆ ಸೇರುವ ಪ್ರದೇಶಗಳ ಪಟ್ಟಿ ಇದೆ. ಮುಂಬಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕ, ಕೊಡಗು, ದಕ್ಷಿಣ ಕನ್ನಡ, ಇಂಥ ದೊಡ್ಡ ದೊಡ್ಡ ಹೆಸರುಗಳ ನಡುವೆ ಒಂದೇ ಒಂದು ತಾಲ್ಲೂಕು, ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ. ಅದೇ ಪಟ್ಟಿಯಲ್ಲಿ ದಕ್ಷಿಣ ಕನ್ನಡದ ಪಕ್ಕದಲ್ಲೇ ‘ಕಾಸರಗೋಡು ತಾಲ್ಲೂಕನ್ನು ಬಿಟ್ಟು’ ಎಂಬರ್ಥದ ಮಾತೂ ಇದೆ. ಒಂದು ತಾಲ್ಲೂಕು ಒಳಗೆ ಬಂತು, ಒಂದು ಹೊರಗೆ ಉಳಿಯಿತು. ಕಾಸರಗೋಡಿನ ಕನ್ನಡಿಗರನ್ನು ಕೇಳಿ ನೋಡಿ, ಆ ಒಂದು ಪದದ ತೂಕ ಎಷ್ಟು ಅಂತ ಹೇಳ್ತಾರೆ.

ಕಾನೂನು ಒಂದೇ ದಿನದಲ್ಲಿ ಜಿಲ್ಲೆ ಬದಲಿಸಿತು. ಪುಸ್ತಕಗಳು ಅಷ್ಟು ಬೇಗ ಬದಲಾಗಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ‘ಎಪಿಗ್ರಾಫಿಯಾ ಕರ್ನಾಟಿಕಾ’ವನ್ನು ಪರಿಷ್ಕರಿಸಿ ಮತ್ತೆ ಹೊರತರೋಕೆ ಹೊರಟಿತಲ್ಲ, ಆಗ, 1975ರ ನಾಲ್ಕನೇ ಸಂಪುಟದಲ್ಲಿ, ಕೊಳ್ಳೇಗಾಲದ ಶಾಸನಗಳು ಯಳಂದೂರಿನ ಶಾಸನಗಳ ಜೊತೆ ಕೂತವು. 1898ರಿಂದ 1975. ಅರ್ಧ ಗಂಟೆಯ ಬಸ್ಸಿನ ದಾರಿ ಕ್ರಮಿಸೋಕೆ ಕಲ್ಲುಗಳು 77 ವರ್ಷ ತೆಗೆದುಕೊಂಡವು.

ಹಾಗಂತ ಮದ್ರಾಸಿನವರು ಅನ್ಯಾಯ ಮಾಡಿದರು, ರೈಸ್ ಕಡೆಗಣಿಸಿದರು ಅಂತ ನಾನು ಹೇಳ್ತಿಲ್ಲ. ಎಲ್ಲರೂ ತಮ್ಮ ತಮ್ಮ ಕೆಲಸವನ್ನು ಶ್ರದ್ಧೆಯಿಂದಲೇ ಮಾಡಿದರು. ತೊಂದರೆ ಇದ್ದದ್ದು ಡಬ್ಬಿಯಲ್ಲಿ. ಡಬ್ಬಿ ಮೊದಲು ಮಾಡಿ ಆಮೇಲೆ ಊರು ಹುಡುಕಿದರೆ ಹೀಗೇ ಆಗೋದು.

ಇನ್ನು ಹನೂರು. ಮೂವರಲ್ಲಿ ಬಹಳ ಕಾಲ ಹೆಸರೇ ಕಾಣದೆ ಇದ್ದದ್ದು ಇದು. ದಶಕಗಳಿಂದ ವಿಧಾನಸಭಾ ಕ್ಷೇತ್ರ ಇತ್ತು, ಎಂಎಲ್‌ಎ ಇದ್ದರು, ಆದರೆ ತಾಲ್ಲೂಕು ಮಾತ್ರ ಕೊಳ್ಳೇಗಾಲ. ಮಲೆ ಮಹದೇಶ್ವರ ಬೆಟ್ಟ ಎಲ್ಲಿದೆ ಅಂದರೆ ಕೊಳ್ಳೇಗಾಲ ತಾಲ್ಲೂಕು. ವೀರಪ್ಪನ್ ಹುಟ್ಟಿದ ಗೋಪಿನಾಥಂ ಎಲ್ಲಿದೆ ಅಂದರೆ ಕೊಳ್ಳೇಗಾಲ ತಾಲ್ಲೂಕು. 1990ರ ದಶಕದ ಪೇಪರ್ ಓದಿ ಬೆಳೆದ ನಮ್ಮ ವಯಸ್ಸಿನವರಿಗೆ ಆ ಹೆಸರುಗಳೆಲ್ಲ ಪರಿಚಯವಾದದ್ದೇ ಕಾಡುಗಳ್ಳನ ಸುದ್ದಿಯಲ್ಲಿ. 1997ರ ಆಗಸ್ಟ್ 15ಕ್ಕೆ ಚಾಮರಾಜನಗರ ಜಿಲ್ಲೆ ಹುಟ್ಟಿದಾಗ ಕೊಳ್ಳೇಗಾಲ, ಯಳಂದೂರು ಮೈಸೂರು ಜಿಲ್ಲೆಯಿಂದ ಹೊಸ ಜಿಲ್ಲೆಗೆ ಬಂದವು. ಹನೂರು ಆಗಲೂ ಕೊಳ್ಳೇಗಾಲದ ಹೊಟ್ಟೆಯೊಳಗೇ ಇತ್ತು.

2017ರ ಮಾರ್ಚ್ 15ರಂದು ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮಂಡಿಸಿದ ಬಜೆಟ್‌ನಲ್ಲಿ 49 ಹೊಸ ತಾಲ್ಲೂಕುಗಳ ಪ್ರಸ್ತಾಪ ಬಂತು, ಅದರಲ್ಲಿ ಹನೂರೂ ಒಂದು. ಅದೇ ವಾರ, ಭೂಮಿಯ ಇನ್ನೊಂದು ಮಗ್ಗುಲಲ್ಲಿ, ಡಿಮಾಜ್ ಬಾಗಿಲು ಹಾಕಿತು. ಮಾರ್ಚ್ 14ಕ್ಕೆ ಮುಚ್ಚುತ್ತೀವಿ ಅಂತ ಹೇಳಿ ಕೊನೆಗೆ 17ರಂದು ಮುಚ್ಚಿದರು. ಮುಚ್ಚುವಾಗ ಅದರಲ್ಲಿ 38 ಲಕ್ಷಕ್ಕೂ ಹೆಚ್ಚು ಸೈಟುಗಳಿದ್ದವು. ಅಲ್ಲಿಯವರೆಗೆ ಅದರಲ್ಲಿ ಕೆಲಸ ಮಾಡಿದ ಸ್ವಯಂಸೇವಕರ ಸಂಖ್ಯೆ 90 ಸಾವಿರ ದಾಟಿತ್ತು. ಯಾಹೂ ಡೈರೆಕ್ಟರಿ ಅದಕ್ಕೂ ಮೊದಲೇ, 2014ರ ಡಿಸೆಂಬರ್‌ನಲ್ಲಿ, ಮುಗಿದಿತ್ತು. ಹನೂರಿಗೆ ಸ್ವಂತ ಡಬ್ಬಿ ಸಿಗುವ ಹೊತ್ತಿಗೆ ಡಬ್ಬಿಗಳ ಕಾಲವೇ ಮುಗಿದುಹೋಗಿತ್ತು.

ಮನುಷ್ಯರು ಮಾಡುತ್ತಿದ್ದ ವಿಂಗಡಣೆ ಹೋಗಿ ಯಂತ್ರದ ಕಾಲ ಬಂತು. ಯಂತ್ರಕ್ಕೆ ಮದ್ರಾಸು, ಮೈಸೂರು ಅನ್ನೋ ಪಕ್ಷಪಾತ ಇಲ್ಲ. ಅದು ಪುಟಗಳಲ್ಲಿ ಬರೆದಿದ್ದನ್ನು ಓದುತ್ತೆ, ಜನ ಹುಡುಕುವುದನ್ನು ಗಮನಿಸುತ್ತೆ. ಇನ್ನಾದರೂ ನ್ಯಾಯ ಸಿಗಬೇಕಿತ್ತಲ್ಲ? ಸಿಗಲಿಲ್ಲ. ಯಾರು ಹೆಚ್ಚು ಬರೆದರೋ ಅವರದೇ ಊರು. ಕೊಳ್ಳೇಗಾಲದ ಬಗ್ಗೆ ಹೆಚ್ಚು ಪುಟ ಬರೆದವರು, ಬರೆಸಿದವರು, ದುಡ್ಡು ಕೊಟ್ಟು ಜಾಹೀರಾತು ಹಾಕಿದವರು ಯಾರು? ನೇಕಾರರಲ್ಲ. ಗೂಡು ಮಾರುವ ರೈತರಲ್ಲ. ‘ಕೊಳ್ಳೇಗಾಲದ ಪ್ರಸಿದ್ಧ’ ಅನ್ನೋ ಎರಡು ಪದದಿಂದ ಹೊಟ್ಟೆ ಹೊರೆಯುವವರು. ಮೊದಲು ಪೇಪರಿನ ವರ್ಗೀಕೃತ ಜಾಹೀರಾತಿನಲ್ಲಿ, ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಇದ್ದದ್ದು ಈಗ ಸರ್ಚ್ ರಿಸಲ್ಟಿಗೆ ಬಂದಿದೆ. ರಾಜ್ಯ ಸರ್ಕಾರ 2017ರಲ್ಲಿ ಮಾಟಮಂತ್ರ, ಅಮಾನವೀಯ ಆಚರಣೆಗಳ ವಿರುದ್ಧ ಕಾನೂನನ್ನೇನೋ ಮಾಡಿತು. ಕಾನೂನು ಆಚರಣೆಯನ್ನು ತಡೆಯಬಹುದು, ಊರಿನ ಹೆಸರಿಗೆ ಅಂಟಿದ ತಲೆಬರಹವನ್ನು ಅಳಿಸೋಕೆ ಆಗಲ್ಲ.

ಯಂತ್ರಕ್ಕೆ ಇನ್ನೊಂದು ಗೊಂದಲ ಹೆಸರಿನ ಸ್ಪೆಲ್ಲಿಂಗು. ಇಂಗ್ಲಿಷಿನಲ್ಲಿ ಕೊಳ್ಳೇಗಾಲ್, ಕೊಳ್ಳೇಗಾಲ, ಯೆಳಂದೂರ್, ಯಳಂದೂರು, ಒಬ್ಬೊಬ್ಬರದು ಒಂದೊಂದು ಬಗೆ. ಜಿಲ್ಲೆಯ ಸರ್ಕಾರಿ ವೆಬ್‌ಸೈಟಿನ ವಿಳಾಸದಲ್ಲೇ ಚಾಮರಾಜನಗರ ‘ಚಾಮ್‌ರಾಜ್‌ನಗರ್’ ಆಗಿದೆ. ಇಷ್ಟೆಲ್ಲದರ ನಡುವೆ ತಪ್ಪದೇ ಸರಿಯಾಗಿರೋದು ಅಂಚೆ ಇಲಾಖೆಯ ಪಿನ್‌ಕೋಡ್ ಒಂದೇ. ಹನೂರು 571439, ಕೊಳ್ಳೇಗಾಲ 571440, ಯಳಂದೂರು 571441. 1972ರಲ್ಲಿ ಪಿನ್‌ಕೋಡ್ ಬಂದಾಗ ಮೊದಲ ಅಂಕಿ 5 ಕರ್ನಾಟಕ, ಆಂಧ್ರದ ವಲಯಕ್ಕೆ, 6 ತಮಿಳುನಾಡು, ಕೇರಳದ ವಲಯಕ್ಕೆ. 1956ರ ಆ ಒಂದು ಸಾಲು ಇಲ್ಲದಿದ್ದರೆ ಕೊಳ್ಳೇಗಾಲದ ಕಾಗದಗಳ ಮೇಲೆ ಇವತ್ತು 6 ಇರುತ್ತಿತ್ತು. ಗೆಜೆಟಿಯರ್ ಒಂಬತ್ತು ಸಂಪುಟ ದೂರ ಇಟ್ಟ ಊರುಗಳನ್ನು ಅಂಚೆಯವರು ಒಂದರ ಪಕ್ಕ ಒಂದು ಕೂರಿಸಿದರು. ಗೂಗಲ್ ಮ್ಯಾಪಿಗೆ ಅಂಗಡಿ ಸೇರಿಸೋಕೆ ಹೋದರೆ, ನೀವು ನಿಜವಾಗಿ ಆ ಜಾಗದಲ್ಲಿದ್ದೀರಿ ಅಂತ ಖಾತ್ರಿ ಮಾಡಿಕೊಳ್ಳೋಕೆ ಬಹಳ ವರ್ಷ ಬಳಸಿದ ದಾರಿ ಯಾವುದು ಗೊತ್ತಾ? ಒಂದು ಪೋಸ್ಟ್‌ಕಾರ್ಡ್. ಅದರಲ್ಲಿ ಒಂದು ಗುಪ್ತಸಂಖ್ಯೆ. ಕೊನೆಗೂ ಸೈಕಲ್ ಮೇಲೆ ಬರುವ ಪೋಸ್ಟ್‌ಮ್ಯಾನೇ ಸಾಕ್ಷಿ.

ಹಾಗಾದರೆ ಡಬ್ಬಿಗಳನ್ನು ಊರವರೇ ಮಾಡಿದರೆ ಹೇಗಿರುತ್ತೆ? ಅದಕ್ಕೂ ಇಲ್ಲೇ ಒಂದು ಉದಾಹರಣೆ ಇದೆ, ಯಳಂದೂರಿನ ನೆತ್ತಿಯ ಮೇಲೆ, ಬಿಳಿಗಿರಿರಂಗನ ಬೆಟ್ಟದಲ್ಲಿ.

ಬೆಟ್ಟ 1970ರ ದಶಕದಲ್ಲಿ ವನ್ಯಧಾಮ ಆಯಿತು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಆಯಿತು. ಸರ್ಕಾರಿ ನಕ್ಷೆಯಲ್ಲಿ ಅದು ರೇಂಜು, ಬೀಟು, ಕಂಪಾರ್ಟ್‌ಮೆಂಟು. ಸೋಲಿಗರ ಲೆಕ್ಕದಲ್ಲಿ ಅದು ‘ಎಲ್ಲೆ’ಗಳು. ಒಂದೊಂದು ಕುಲಕ್ಕೆ ಒಂದೊಂದು ಎಲ್ಲೆ, ಒಂದೊಂದು ಎಲ್ಲೆಯಲ್ಲೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ. ಈ ಐದು ತಲೆಬರಹಗಳನ್ನು ಯಾವ ಇಲಾಖೆಯೂ ಕೊಟ್ಟಿದ್ದಲ್ಲ. ಸೋಲಿಗ ಹಿರಿಯರು ಏಟ್ರೀ ಸಂಸ್ಥೆಯ ಸಂಶೋಧಕರ ಜೊತೆ ಕಾಡು ಸುತ್ತಿ, ಆ ಜಾಗಗಳಲ್ಲಿ ನಿಂತು ಜಿಪಿಎಸ್ ಹಿಡಿದು, ನೂರಾರು ಸ್ಥಳಗಳನ್ನು ನಕ್ಷೆಗೆ ಏರಿಸಿದರು. ಬಾಯಲ್ಲಿದ್ದ ಪಟ್ಟಿ ಕಾಗದಕ್ಕೆ ಬಂತು. 2006ರ ಅರಣ್ಯ ಹಕ್ಕು ಕಾಯ್ದೆಯ ಕೆಳಗೆ ಸಮುದಾಯದ ಹಕ್ಕು ಕೇಳುವಾಗ, ‘ಇದು ನಮ್ಮ ನೆಲ’ ಅಂತ ಬರೀ ಬಾಯಲ್ಲಿ ಹೇಳೋದಕ್ಕೂ, ಇಲ್ಲಿ ನಮ್ಮ ವೀರು, ಇಲ್ಲಿ ನಮ್ಮ ಅಬ್ಬಿ ಅಂತ ಬೆರಳಿಟ್ಟು ತೋರಿಸೋದಕ್ಕೂ ವ್ಯತ್ಯಾಸ ಇದೆ. 2011ರಲ್ಲಿ ಅಲ್ಲಿನ ಹಲವು ಪೋಡುಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು.

ಶ್ರೀನಿಜಾ ಶ್ರೀನಿವಾಸನ್ ಯಾಹೂನಲ್ಲಿ ಮಾಡಿದ್ದೂ, ರೈಸ್ ಮೈಸೂರಿನಲ್ಲಿ ಮಾಡಿದ್ದೂ, ಸೋಲಿಗರು ಬೆಟ್ಟದಲ್ಲಿ ಮಾಡಿದ್ದೂ ಒಂದೇ ಜಾತಿಯ ಕೆಲಸ. ಇರೋದನ್ನು ನೋಡಿ, ಹೆಸರು ಕೊಟ್ಟು, ಜಾಗ ಗೊತ್ತು ಮಾಡೋದು. ಮೊದಲ ಇಬ್ಬರು ಬೇರೆಯವರ ಮನೆಯ ಸಾಮಾನು ಜೋಡಿಸಿದರು. ಸೋಲಿಗರು ತಮ್ಮ ಮನೆಯದನ್ನೇ ಜೋಡಿಸಿಕೊಂಡರು.

ನಾವು, ಬೆಂಗಳೂರಿನಲ್ಲಿ ಕೂತು ಮಾಹಿತಿಯನ್ನೇ ಉದ್ಯೋಗ ಮಾಡಿಕೊಂಡವರು, ಊರಿಗೆ ಹೋದಾಗ ಮಾಡೋದೇನು? ಫೋಟೊ ಹಾಕ್ತೀವಿ, ಸಿಗ್ನಲ್ ಇಲ್ಲ ಅಂತ ಬೈತೀವಿ, ಭಾನುವಾರ ಸಂಜೆ ಕನಕಪುರ ರಸ್ತೆಯ ಟ್ರಾಫಿಕ್ಕಿನಲ್ಲಿ ವಾಪಸ್ ಬರ್ತೀವಿ. ಕಳೆದ ಸಲ ನಾನೊಂದು ಸಣ್ಣ ಕೆಲಸ ಮಾಡಿದೆ. ಮಗ್ಗದ ಮನೆಯೊಂದರ ಜಗಲಿಯಲ್ಲಿ ಕೂತು, ಮನೆಯವರನ್ನು ಕೇಳಿ ಕೇಳಿ, ಅವರ ಅಂಗಡಿಯನ್ನು ಮ್ಯಾಪಿಗೆ ಸೇರಿಸಿದೆ. ಹೆಸರು ಕನ್ನಡದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ. ‘ವಿಭಾಗ ಆರಿಸಿ’ ಅಂತ ಬಂದಾಗ ಫೋನನ್ನು ಅಲ್ಲಿದ್ದ ಅಜ್ಜಿಯ ಮುಂದೆ ಹಿಡಿದೆ. ‘ಇಲ್ಲಿ ಏನಂತ ಬರೀಲಿ?’

ಅಜ್ಜಿ ಕನ್ನಡಕ ಸರಿಮಾಡಿಕೊಂಡು ನನ್ನನ್ನು ಅಯ್ಯೋ ಪಾಪ ಅನ್ನೋ ಹಾಗೆ ನೋಡಿತು. ‘ಏನಂತ ಬರೀತೀಯ? ಸೀರೆ ನೇಯ್ತಾರೆ ಅಂತ ಬರಿ.’